ಆಕ್ಸಿಜನ್ ಪಕ್ಕದಲ್ಲಿ ಶಬ್ಬಾತ್ ದೀಪ: ಏನು ಮಾಡಲಿ?

ಪ್ರಶ್ನೆ:
ಹಿರಿಯರ ವಸತಿಗೃಹದಲ್ಲಿ ಆರೈಕೆ ಕೆಲಸ ನನ್ನದು. ನಾನು ನೋಡಿಕೊಳ್ಳುವ ಯಹೂದಿ ಅಜ್ಜಿಗೆ ಶಬ್ಬಾತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ಶುರುವಾಗುವ ಶುಕ್ರವಾರ ಸಂಜೆ ಮೇಣದಬತ್ತಿ ಹಚ್ಚಲೇಬೇಕು. ಮಂಚದ ಪಕ್ಕದಲ್ಲೇ ಆಕ್ಸಿಜನ್ ಯಂತ್ರ. ಬೇಡ ಅಂದರೆ ಅವತ್ತು ಊಟವನ್ನೇ ಮುಟ್ಟುವುದಿಲ್ಲ. ಯೋಮ್ ಕಿಪ್ಪುರ್ (ಯಹೂದಿಗಳ ಪ್ರಾಯಶ್ಚಿತ್ತದ ದಿನ) ಉಪವಾಸ ಬೇರೆ ಬರುತ್ತಿದೆ, ಅವರಿಗೆ ಸಕ್ಕರೆ ಕಾಯಿಲೆ.

ಉತ್ತರ 1:
ಬೆಂಕಿ ಖಂಡಿತ ಬೇಡ. ಬ್ಯಾಟರಿ ದೀಪ ಕೊಡಿ, ಇಂಥ ಕಡೆ ಅನೇಕ ರಬ್ಬಿಗಳು (ಯಹೂದಿ ಧರ್ಮಗುರುಗಳು) ಒಪ್ಪುತ್ತಾರೆ. ಸೂರ್ಯ ಮುಳುಗುವ 18 ನಿಮಿಷ ಮೊದಲು ಹಚ್ಚುವುದು ಸಾಮಾನ್ಯ ವಾಡಿಕೆ. ಸ್ವಿಚ್ ಮಾತ್ರ ಅವರೇ ಒತ್ತಲಿ. ನಾನು ನೋಡಿಕೊಳ್ಳುವ ಒಬ್ಬರು ನಡುಗುವ ಬೆರಳಲ್ಲೇ ಒತ್ತಿ, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸುತ್ತಾರೆ. ಆಗ ಮಾತ್ರೆ ಹಿಡಿದು ಒಳಗೆ ನುಗ್ಗಬೇಡಿ! ಆಮೇಲೆ ಸುಮ್ನೆ ದೀಪ ಆರಿಸಲೂಬೇಡಿ.

ಉತ್ತರ 2:
ಜೀವಕ್ಕೆ ಅಪಾಯ ಅಂದರೆ ಉಪವಾಸ ಮುರಿಯಲೇಬೇಕು ಅನ್ನುವುದು ಅವರ ಧರ್ಮದ್ದೇ ನಿಯಮ. ಅದು ಸುಮಾರು 25 ಗಂಟೆಯ ಉಪವಾಸ, ನೀರೂ ಇಲ್ಲ. ಈಗಲೇ ಡಾಕ್ಟರ ಹತ್ತಿರ ಮಾತಾಡಿ. ಅಜ್ಜಿಗೆ ರಬ್ಬಿಯಿಂದಲೇ ಹೇಳಿಸಿ, ನಾವು ಹೇಳಿದರೆ ಕೇಳಲ್ಲ ಅಲ್ವಾ?

ಪ್ರಶ್ನೆ ಕೇಳಿದವರು:
ಶಬ್ಬಾತ್ ಊಟದ ಖಲ್ಲಾ ಬ್ರೆಡ್ ನುಂಗಲು ಅಜ್ಜಿ ಕಷ್ಟಪಡುತ್ತಾರೆ. ಸೂಪಲ್ಲಿ ನೆನೆಸಲಾ?

ಉತ್ತರ 1:
ಮೊದಲು ನರ್ಸ್ ಹತ್ತಿರ ಕೇಳಿ. ನೆನೆಸಿದ ಬ್ರೆಡ್ಡೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.