ಸರ್ಕಾರಕ್ಕೆ ಏನನ್ನು ಕೊಡಲೇಬೇಕು, ಏನನ್ನು ಕೊಡದಿರಬಹುದು? ಮಲೆನಾಡಿನವರ ಅನುಭವಗಳು

ಕೇಳಿದವರು: ಹಿನ್ನೀರಿನವಳು, ಸಾಗರ ತಾಲ್ಲೂಕು

ನಮ್ಮದು ಶರಾವತಿ ಮುಳುಗಡೆ ಕುಟುಂಬ. ಜಮೀನಿನ ಹಕ್ಕಿಗಾಗಿ ಸುತ್ತಲಿನ ಊರಿನವರೆಲ್ಲ ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಅರ್ಜಿ, ಪಹಣಿ, ಆಧಾರ್ ಪ್ರತಿ ಎಲ್ಲವೂ ಅದರಲ್ಲೇ ಓಡಾಡುತ್ತವೆ. ಈಚೆಗೆ ಗುಂಪಿನಲ್ಲಿ ಆಡಿದ ಮಾತೊಂದನ್ನು ಒಂದು ಕಚೇರಿಯಲ್ಲಿ ನಮ್ಮ ಮುಂದೆಯೇ ಓದಿ ಹೇಳಿದರು. ಅಂದಿನಿಂದ ಅನೇಕರು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಾರೆ. ಫೋನ್ ಕದ್ದು ಕೇಳುತ್ತಿದ್ದಾರೆಯೇ? ಆಧಾರ್, ಮುಖದ ಚಿತ್ರ, ಮನೆ ಇರುವ ಜಾಗದ ಗುರುತು ಎಂದು ಕೇಳಿದ್ದನ್ನೆಲ್ಲ ಕೊಡಲೇಬೇಕೇ? ನೀವೆಲ್ಲ ಏನು ಮಾಡಿದ್ದೀರಿ, ದಯವಿಟ್ಟು ತಿಳಿಸಿ.

ಕಂಪ್ಯೂಟರ್ ಅಂಗಡಿಯವನು, ಹೊಸನಗರ

ಅಕ್ಕಾ, ಕದ್ದು ಕೇಳಿದ್ದಾರೆ ಎಂದು ತೀರ್ಮಾನಿಸುವ ಮೊದಲು ಗುಂಪಿನಲ್ಲಿ ಎಷ್ಟು ಜನರಿದ್ದಾರೆ ನೋಡಿ. ನೂರಾರು ಜನರ ಗುಂಪು ಸಂತೆಯಿದ್ದ ಹಾಗೆ, ಅಲ್ಲಿ ಆಡಿದ ಮಾತು ಊರು ಸುತ್ತಲು ಯಾರೂ ಗೋಡೆಗೆ ಕಿವಿಯಿಡಬೇಕಾಗಿಲ್ಲ. ವಾಟ್ಸಾಪ್ ಸಂದೇಶ ಕಳುಹಿಸಿದವರ ಫೋನಿನಿಂದ ಪಡೆಯುವವರ ಫೋನಿನವರೆಗೆ ಗೂಢಲಿಪಿಯಲ್ಲಿ ಹೋಗುತ್ತದೆ. ನಡುದಾರಿಯಲ್ಲಿ ಅದನ್ನು ಕಂಪನಿಯೂ ಓದಲಾರದು. ಸೋರುವುದು ತುದಿಗಳಲ್ಲಿ: ಯಾರೋ ಸ್ಕ್ರೀನ್‌ಶಾಟ್ ತೆಗೆದು ಕಳುಹಿಸುತ್ತಾರೆ, ವಿಚಾರಣೆಗೆ ಕರೆದಾಗ ಹೆದರಿ ಫೋನ್ ತೆರೆದು ತೋರಿಸುತ್ತಾರೆ, ಅಥವಾ ಬೇರೆಯವರ ಕಂಪ್ಯೂಟರಿನಲ್ಲಿ ಅವರ ವಾಟ್ಸಾಪ್ ತೆರೆದೇ ಉಳಿದಿರುತ್ತದೆ.

ಈ ಕೊನೆಯದನ್ನು ನನ್ನ ವೃತ್ತಿಯಲ್ಲಿ ಸದಾ ಕಾಣುತ್ತೇನೆ. ಪ್ರಿಂಟ್ ತೆಗೆಸಲು ಬಂದವರು ಅಂಗಡಿಯ ಕಂಪ್ಯೂಟರಿಗೆ ವಾಟ್ಸಾಪ್ ಜೋಡಿಸಿ, ಹಾಗೆಯೇ ಬಸ್ಸು ಹತ್ತಿ ಹೋಗುತ್ತಾರೆ. ನಾನು ಅವರೆದುರೇ ಅದನ್ನು ಮುಚ್ಚಿಸಿ, ಕಡತ ಅಳಿಸಿ ಕಳುಹಿಸುತ್ತೇನೆ. ಎಲ್ಲ ಅಂಗಡಿಗಳಲ್ಲೂ ಹೀಗೆ ನಡೆಯುತ್ತದೆಂದು ನಂಬಬೇಡಿ. ನಿಮ್ಮ ಗುಂಪಿನ ಪ್ರತಿಯೊಬ್ಬರೂ ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು, ಗುರುತಿಲ್ಲದ ಕಂಪ್ಯೂಟರುಗಳನ್ನು ತೆಗೆದುಹಾಕಲಿ. ಹಳೆಯ ಸಂದೇಶಗಳ ಬ್ಯಾಕಪ್ ಗೂಗಲ್ ಖಾತೆಯಲ್ಲಿ ಇರುತ್ತದೆ. ಅದಕ್ಕೂ ಗೂಢಲಿಪಿಯ ರಕ್ಷಣೆ ಕೊಡುವ ಆಯ್ಕೆ 2021ರಿಂದ ಇದೆ, ಆದರೆ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು.

ನಿಮ್ಮಲ್ಲಿ ಮುಂದಾಳತ್ವ ವಹಿಸಿದ ಕೆಲವರು ವಾಟ್ಸಾಪ್ ಬದಲು ‘ಸಿಗ್ನಲ್’ ಎಂಬ ಸಂದೇಶದ ಆ್ಯಪ್ ಬಳಸುವುದು ಒಳ್ಳೆಯದು. ಯಾರು ಯಾರೊಂದಿಗೆ ಯಾವಾಗ ಮಾತಾಡಿದರು ಎಂಬ ವಿವರವನ್ನು ವಾಟ್ಸಾಪ್ ಕೂಡಿಡಬಲ್ಲದು. ಸಿಗ್ನಲ್ ಸಂಸ್ಥೆಗೆ ನ್ಯಾಯಾಲಯದ ಆದೇಶ ಬಂದಾಗ ಅದು ಕೊಡಲು ಸಾಧ್ಯವಾಗಿದ್ದು ಖಾತೆ ತೆರೆದ ದಿನ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ, ಇವಿಷ್ಟೇ. ಸಾಮಾನ್ಯ ಕರೆ ಮತ್ತು ಎಸ್ಎಂಎಸ್‌ಗಳಿಗೆ ಇಂತಹ ಯಾವ ರಕ್ಷಣೆಯೂ ಇಲ್ಲ.

ಆಧಾರ್ ಪ್ರತಿಗಳನ್ನು ಗುಂಪಿಗೆ ಹಾಕುವುದನ್ನು ಇಂದೇ ನಿಲ್ಲಿಸಿ. ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಆಧಾರ್ ಪ್ರತಿ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ. ಬರಿಯ ಗುರುತಿಗೆ ಕೇಳುವವರಿಗೆ ಅದನ್ನೇ ಕೊಡಿ. ಜೊತೆಗೆ ಬೆರಳಚ್ಚಿನ ಬಳಕೆಗೆ ಬೀಗ ಹಾಕುವ ಸೌಲಭ್ಯವೂ ಇದೆ. ನನ್ನ ಕೇಳಿದರೆ ಎಲ್ಲರೂ ಬೀಗ ಹಾಕಲೇಬೇಕು.

ಸಂಘದ ಕಾರ್ಯದರ್ಶಿ, ತೀರ್ಥಹಳ್ಳಿ ತಾಲ್ಲೂಕು

ಬೀಗದ ವಿಷಯದಲ್ಲಿ ‘ಎಲ್ಲರೂ’ ಎಂದಿದ್ದನ್ನು ನಾನು ಒಪ್ಪುವುದಿಲ್ಲ. ನಮ್ಮ ಸ್ವಸಹಾಯ ಸಂಘದ ಹೆಂಗಸರಲ್ಲಿ ಹೆಚ್ಚಿನವರು ಅಡಿಕೆ ಸುಲಿಯುವವರು. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರ ಬೆರಳು ಒಡೆದು, ಚೊಗರಿಗೆ ಕಪ್ಪಾಗಿ, ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಗುರುತೇ ಸಿಗುವುದಿಲ್ಲ. ಒಂದು ಬೆರಳು ಆಗದಿದ್ದರೆ ಇನ್ನೊಂದು, ಕೊನೆಗೆ ಓಟಿಪಿ. ಓಟಿಪಿ ಬರಬೇಕಾದರೆ ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಬೇಕು. ಇಂತಹವರ ಬೆರಳಚ್ಚಿಗೆ ಬೀಗವನ್ನೂ ಹಾಕಿಬಿಟ್ಟರೆ ಅಕ್ಕಿ ತರುವುದು ಹೇಗೆ? ತಾತ್ಕಾಲಿಕವಾಗಿ ಬೀಗ ತೆರೆದರೆ ಹತ್ತು ನಿಮಿಷದಲ್ಲಿ ತಾನಾಗಿ ಮತ್ತೆ ಬೀಳುತ್ತದೆ. ಸರದಿ ಉದ್ದವಿದ್ದರೆ ಹತ್ತು ನಿಮಿಷ ಯಾವ ಲೆಕ್ಕಕ್ಕೆ?

ಆದರೂ ಬೀಗ ಬೇಕಾದ ಕಾರಣ ಸಣ್ಣದಲ್ಲ. ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಸಾಕು, ಬ್ಯಾಂಕ್ ಖಾತೆಯಿಂದ ಹಣ ತೆಗೆಯಬಹುದು. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೇ ನಕಲು ಮಾಡಿ ಹಣ ಲಪಟಾಯಿಸಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಸರ್ಕಾರ ಒಂದು ಕೆಲಸಕ್ಕೆಂದು ಪಡೆದ ಗುರುತು ಕಳ್ಳರ ಕೈ ಸೇರಿತು. ಸಂಗ್ರಹವೇ ಅಪಾಯ ಎಂದು ನಾನು ಹೇಳುವುದು ಇದಕ್ಕೇ.

ನಾವು ಕಂಡುಕೊಂಡ ದಾರಿ ಹೀಗಿದೆ. ಮನೆಯಲ್ಲಿ ಪಡಿತರಕ್ಕೆ ಹೋಗುವ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬೀಗ ಹಾಕಿಕೊಂಡಿದ್ದಾರೆ. ಹೋಗುವವರ ಖಾತೆಯಲ್ಲಿ ಹೆಚ್ಚು ಹಣ ಇಡುವುದಿಲ್ಲ. ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಆರು ತಿಂಗಳ ಪಟ್ಟಿ ಜಾಲತಾಣದಲ್ಲಿ ಸಿಗುತ್ತದೆ, ಅದನ್ನು ಸಂಘದ ಸಭೆಯಲ್ಲಿ ಒಟ್ಟಿಗೆ ಕೂತು ನೋಡುತ್ತೇವೆ. ತಮಗೆ ಗೊತ್ತಿಲ್ಲದ ಬಳಕೆ ಕಂಡವರು 1947ಕ್ಕೆ ಕರೆ ಮಾಡಿ ದೂರು ಕೊಡುತ್ತಾರೆ.

ವಕೀಲ, ಶಿವಮೊಗ್ಗ

ಹಿನ್ನೀರಿನ ಸಹೋದರಿಗೆ ಕಾನೂನಿನ ಕಡೆಯಿಂದ ಕೆಲವು ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ನಿಮ್ಮ ಬದುಕಿನೊಳಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟೇ ಕೇಳಬೇಕು. ನಾನು ಕಕ್ಷಿದಾರರಿಗೆ ಬಾಯಿಪಾಠ ಮಾಡಿಸುವುದು ಇಷ್ಟನ್ನೇ.

ಫೋನ್ ಕದ್ದಾಲಿಕೆಗೂ ವಿಧಿವಿಧಾನ ಇದೆ. 1996ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಕ್ರಮದಂತೆ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಒಂದು ಆದೇಶ ಎರಡು ತಿಂಗಳು ನಡೆಯುತ್ತದೆ, ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರುವಂತಿಲ್ಲ. ಕಂಪ್ಯೂಟರ್ ಮಾಹಿತಿಗೆ ಐಟಿ ಕಾಯ್ದೆಯ 69ನೇ ಕಲಂ ಇದೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಹತ್ತು ಸಂಸ್ಥೆಗಳಿಗೆ ಈ ಅಧಿಕಾರ ಕೊಟ್ಟಿತು. ಇದರಲ್ಲಿ ನನ್ನನ್ನು ಕೆರಳಿಸುವುದು ಒಂದೇ ವಿಷಯ. ಆದೇಶ ಹೊರಡಿಸುವವರೂ ಅಧಿಕಾರಿಗಳು, ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಕೂರುವವರೂ ಅಧಿಕಾರಿಗಳು. ನ್ಯಾಯಾಧೀಶರ ಕಣ್ಣಿಗೆ ಅದು ಬೀಳುವುದೇ ಇಲ್ಲ, ಕೇಳಿಸಿಕೊಳ್ಳಲ್ಪಟ್ಟವರಿಗೆ ಕೊನೆಗೂ ತಿಳಿಸುವುದಿಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆಯ 17ನೇ ಕಲಂ ಸರ್ಕಾರದ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಡಲು ಅವಕಾಶ ಕೊಟ್ಟಿದೆ. ಆದ್ದರಿಂದ ಕಾನೂನೊಂದನ್ನೇ ನೆಚ್ಚಿ ಕೂರಬೇಡಿ. ಅಂಗಡಿಯ ಸ್ನೇಹಿತರು ಹೇಳಿದ್ದನ್ನೂ ಮಾಡಿ.

ಆಧಾರ್ ಬಗ್ಗೆ 2018ರ ಸೆಪ್ಟೆಂಬರ್ 26ರ ತೀರ್ಪು ಹೇಳುವುದಿಷ್ಟು: ಸರ್ಕಾರದ ಬೊಕ್ಕಸದಿಂದ ಸಹಾಯಧನ ಪಡೆಯಲು ಮತ್ತು ಪ್ಯಾನ್‌ಗೆ ಜೋಡಿಸಲು ಆಧಾರ್ ಬೇಕು. ಬ್ಯಾಂಕ್ ಖಾತೆಗೆ, ಸಿಮ್‌ಗೆ, ಶಾಲೆಯ ದಾಖಲಾತಿಗೆ ಕಡ್ಡಾಯವಲ್ಲ. ಬೇರೆ ಗುರುತಿನ ಪತ್ರ ಕೊಟ್ಟರೆ ತೆಗೆದುಕೊಳ್ಳಬೇಕು.

ಕಚೇರಿಯಲ್ಲಿ ಯಾರಾದರೂ ಹೆಚ್ಚಿನದನ್ನು ಕೇಳಿದರೆ ಜಗಳಕ್ಕಿಳಿಯಬೇಡಿ. ‘ಯಾವ ಕಾಯ್ದೆ ಅಥವಾ ಯಾವ ಆದೇಶದಂತೆ ಇದನ್ನು ಕೇಳುತ್ತಿದ್ದೀರಿ, ದಯವಿಟ್ಟು ಬರೆದುಕೊಡಿ’ ಎಂದು ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕಡ್ಡಾಯವಾಗಿದ್ದದ್ದು ಬರವಣಿಗೆಗೆ ಬಂದಾಗ ಐಚ್ಛಿಕವಾಗುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ನಿಮ್ಮ ಮಾತನ್ನು ಓದಿ ಹೇಳಿದ ಆ ಕಚೇರಿಗೂ ಒಂದು ಪತ್ರ ಬರೆಯಿರಿ. ಮಾತು ತಮ್ಮ ಕೈಗೆ ಹೇಗೆ ಬಂತು ಎಂದು ಅವರು ಉತ್ತರಿಸದೆ ಇರಬಹುದು. ಆದರೆ ಪತ್ರ ಕಡತದಲ್ಲಿ ಉಳಿಯುತ್ತದೆ, ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ಅದೇ ಮೊದಲ ದಾಖಲೆ.

ಪ್ರಾಥಮಿಕ ಶಾಲೆಯ ಶಿಕ್ಷಕಿ, ಸೊರಬ

ವಕೀಲರ ಮಾತಿಗೆ ಒಂದು ಜೀವಂತ ಉದಾಹರಣೆ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ನನ್ನನ್ನೂ ನಿಯೋಜಿಸಿದ್ದರು. ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಪ್ರತಿ ಮನೆಗೂ ಮೊದಲೇ ಚೀಟಿ ಅಂಟಿಸಿ ಜಾಗ ಗುರುತಿಸಲಾಗಿತ್ತು, ಪ್ರಶ್ನೆಗಳು 60. ಹೈಕೋರ್ಟ್ ತನ್ನ ಮಧ್ಯಂತರ ಆದೇಶದಲ್ಲಿ ಸಮೀಕ್ಷೆಗೆ ತಡೆ ಕೊಡಲಿಲ್ಲ, ಆದರೆ ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಅದನ್ನು ಗೌಪ್ಯವಾಗಿಡಬೇಕು ಎಂದಿತು. ಹಿಂದುಳಿದವರ ಲೆಕ್ಕ ಸರಿಯಾಗಿ ಸಿಗಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಆದ್ದರಿಂದಲೇ ಪ್ರತಿ ಮನೆಯಲ್ಲೂ ‘ಬೇಡವಾದ ಪ್ರಶ್ನೆಗೆ ಉತ್ತರಿಸದಿರಬಹುದು’ ಎಂದು ಹೇಳಿ ಶುರು ಮಾಡುತ್ತಿದ್ದೆ. ಹಾಗೆ ಹೇಳಿದ್ದರಿಂದ ಜನ ಬಾಗಿಲು ಮುಚ್ಚಲಿಲ್ಲ. ಕೆಲವರು ಸಾಲದ ಪ್ರಶ್ನೆಯನ್ನಷ್ಟೇ ಬಿಟ್ಟು, ಉಳಿದದ್ದನ್ನು ನೆಮ್ಮದಿಯಿಂದ ಬರೆಸಿದರು.

ಹೋಂಸ್ಟೇ ನಡೆಸುವವರು, ಆಗುಂಬೆ ಬಳಿ

ಸರ್ಕಾರಕ್ಕೆ ಮಾಹಿತಿ ಹೋಗುವ ದಾರಿಯಲ್ಲಿ ನಮ್ಮಂತಹವರೂ ಇದ್ದೇವೆ ಎಂಬುದನ್ನು ನೆನಪಿಸಲು ಬರೆಯುತ್ತಿದ್ದೇನೆ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ನಿಗದಿತ ನಮೂನೆಯಲ್ಲಿ ಸರ್ಕಾರಕ್ಕೆ ಸಲ್ಲಿಸಲೇಬೇಕು, ಅದು ಕಾನೂನು. ಉಳಿದವರ ಹೆಸರು, ವಿಳಾಸ, ಗುರುತಿನ ಪತ್ರದ ವಿಧ ಇಷ್ಟನ್ನು ಪುಸ್ತಕದಲ್ಲಿ ಬರೆಸಿಕೊಳ್ಳುತ್ತೇವೆ, ಕಾರ್ಡನ್ನು ನೋಡಿ ಮರಳಿಸುತ್ತೇವೆ. ಫೋನಿನಲ್ಲಿ ಅದರ ಚಿತ್ರ ತೆಗೆದಿಡುವುದಿಲ್ಲ. ಹೋಟೆಲುಗಳಿಗೆ ಆಧಾರ್ ಪ್ರತಿ ಇಟ್ಟುಕೊಳ್ಳುವ ಅಧಿಕಾರವಿಲ್ಲ ಎಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ 2022ರ ಮೇ ತಿಂಗಳಲ್ಲಿ ಪ್ರಕಟಣೆ ಕೊಟ್ಟಿತ್ತು. ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂಪಡೆಯಿತು. ಹಿಂಪಡೆದರೂ ಅದರಲ್ಲಿದ್ದ ಮಾತು ಸರಿಯಾಗಿತ್ತು ಎಂದೇ ನಾನು ನಂಬುತ್ತೇನೆ.

ಮನೆಯಿಂದ ಸಾಫ್ಟ್‌ವೇರ್ ಕೆಲಸ ಮಾಡುವವನು, ಕೊಪ್ಪ

ವಿಪಿಎನ್, ಅಂದರೆ ನಮ್ಮ ಇಂಟರ್ನೆಟ್ ಬಳಕೆಯನ್ನು ಬೇರೊಂದು ಕಂಪನಿಯ ಸರ್ವರಿನ ಮೂಲಕ ಹಾಯಿಸುವ ಸೌಲಭ್ಯ, ಹಾಕಿಕೊಂಡರೆ ಎಲ್ಲವೂ ಮುಚ್ಚಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ಇಂಟರ್ನೆಟ್ ಕಂಪನಿ ನೋಡುತ್ತಿದ್ದುದನ್ನು ಇನ್ನು ವಿಪಿಎನ್ ಕಂಪನಿ ನೋಡುತ್ತದೆ, ಅಷ್ಟೇ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸಗಳನ್ನು ಐದು ವರ್ಷ ಇಡಬೇಕು. ಆಗ ಹಲವು ಕಂಪನಿಗಳು ಭಾರತದಲ್ಲಿದ್ದ ಸರ್ವರುಗಳನ್ನೇ ತೆಗೆದುಬಿಟ್ಟವು. ಉಚಿತ ವಿಪಿಎನ್‌ಗಳ ಹತ್ತಿರವೂ ಸುಳಿಯಬೇಡಿ.

ಇನ್ನೊಂದು ವಿಷಯ ಟವರಿನದು. ಫೋನ್ ಯಾವ ಟವರಿಗೆ ಜೋಡಿಸಿಕೊಂಡು ಕರೆ ಮಾಡಿತ್ತು ಎಂಬ ದಾಖಲೆಯನ್ನು ದೂರಸಂಪರ್ಕ ಕಂಪನಿಗಳು ಕನಿಷ್ಠ ಎರಡು ವರ್ಷ ಇಡಬೇಕು. ಇದನ್ನು ಯಾವ ಆ್ಯಪ್ ಕೂಡ ತಪ್ಪಿಸಲಾರದು. ನಮ್ಮ ಕಡೆ ಟವರುಗಳು ಕಡಿಮೆ, ಒಂದೊಂದರ ವ್ಯಾಪ್ತಿ ದೊಡ್ಡದು, ಹಾಗಾಗಿ ಪೇಟೆಯಷ್ಟು ಕರಾರುವಾಕ್ಕಾಗಿ ಜಾಗ ತಿಳಿಯುವುದಿಲ್ಲ. ಆದರೆ ಆ್ಯಪ್‌ಗಳಿಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ ನಿಮ್ಮ ಅಂಗಳದವರೆಗೂ ಗೊತ್ತಾಗುತ್ತದೆ. ಆ ಅನುಮತಿಗಳನ್ನು ಒಂದೊಂದಾಗಿ ತೆಗೆಯಿರಿ. ಫೋನ್ ತೆರೆಯಲು ಬೆರಳಿನ ಬದಲು ಆರು ಅಂಕಿಗೂ ಉದ್ದದ ಸಂಕೇತ ಇಡಿ, ಏಕೆಂದರೆ ಬೆರಳನ್ನು ಯಾರು ಬೇಕಾದರೂ ಹಿಡಿದು ಒತ್ತಿಸಬಹುದು. ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಿ, ಎಷ್ಟೋ ಗೂಢಚಾರಿ ತಂತ್ರಾಂಶಗಳು ನುಸುಳುವುದು ಮುಚ್ಚದೆ ಉಳಿದ ಹಳೆಯ ಬಿರುಕುಗಳಿಂದ.

ಹಿನ್ನೀರಿನವಳು

ಎಲ್ಲರಿಗೂ ಕೃತಜ್ಞತೆಗಳು. ಒಂದು ತೊಡಕು ಉಳಿದಿದೆ. ನಮ್ಮಲ್ಲಿ ಹಿರಿಯರೇ ಹೆಚ್ಚು, ಹೊಸ ಆ್ಯಪ್ ಎಂದರೆ ಅವರು ಬರುವುದಿಲ್ಲ. ಅವರನ್ನು ಬಿಟ್ಟು ಹೋರಾಟವೇ ಇಲ್ಲ.

ಕಂಪ್ಯೂಟರ್ ಅಂಗಡಿಯವನು, ಹೊಸನಗರ

ಬಿಡುವುದು ಬೇಡ ಅಕ್ಕಾ. ದೊಡ್ಡ ಗುಂಪು ವಾಟ್ಸಾಪ್‌ನಲ್ಲೇ ಇರಲಿ. ಅದರಲ್ಲಿ ಸಭೆಯ ದಿನ, ಸ್ಥಳ, ಪತ್ರಿಕಾ ಹೇಳಿಕೆ ಇಷ್ಟೇ ಹಾಕಿ, ಅಧಿಕಾರಿಗಳು ಓದಿದರೂ ತೊಂದರೆಯಿಲ್ಲದಂಥವು. ಚರ್ಚೆ ಸಭೆಯಲ್ಲಿ ಎದುರೆದುರು ಕೂತು ನಡೆಯಲಿ, ಫೋನುಗಳು ಬೇರೆ ಕೋಣೆಯಲ್ಲಿರಲಿ. ಅರ್ಜಿ ಬರೆಯುವವರು, ವಕೀಲರೊಂದಿಗೆ ಮಾತಾಡುವವರು ಎಂದು ಕೆಲವೇ ಜನ ಸಿಗ್ನಲ್‌ಗೆ ಬನ್ನಿ, ಸಂದೇಶ ಒಂದು ವಾರದಲ್ಲಿ ಅಳಿಯುವಂತೆ ಇಟ್ಟುಕೊಳ್ಳಿ. ಹಿರಿಯರ ದಾಖಲೆಗಳನ್ನು ಕಾಗದದಲ್ಲೇ ಪಡೆದು, ಪ್ರತಿಯೊಂದರ ಮೇಲೂ ಅಡ್ಡಲಾಗಿ ‘ಜಮೀನು ಮಂಜೂರಾತಿ ಅರ್ಜಿಗೆ ಮಾತ್ರ’ ಎಂದು ದಿನಾಂಕ ಹಾಕಿ ಬರೆಸಿ. ಸಾಗರದ ಸಂತೆಯ ದಿನ ನಾನೂ ಅತ್ತ ಬರುತ್ತಿರುತ್ತೇನೆ. ಹಿರಿಯರು ಒಂದು ಕಡೆ ಸೇರುವಂತಿದ್ದರೆ ಅವರ ಫೋನುಗಳಲ್ಲಿ ಜೋಡಣೆಯಾಗಿರುವ ಬೇರೆಯವರ ಕಂಪ್ಯೂಟರುಗಳನ್ನು ಕೂತು ತೆಗೆದುಕೊಡುತ್ತೇನೆ, ಹಣವೇನೂ ಬೇಡ.