ಸಹಾಯ ಬೇಕು: ಹಳೆಯ ಹೆಸರು ಬಿಡದ ಬ್ಯಾಕಪ್ ಟೇಪ್‌ಗಳು

ನಮಸ್ಕಾರ. ಹುಬ್ಬಳ್ಳಿಯ ಸಣ್ಣ ಕಚೇರಿಯೊಂದರಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ಬ್ಯಾಕಪ್‌ಗೆ ಬಾಕುಲಾ ಎಂಬ ತಂತ್ರಾಂಶ, ಟೇಪ್ ಓದಿ ಬರೆಯಲು ಒಂದೇ ಎಲ್‌ಟಿಒ-6 ಡ್ರೈವ್. ಟೇಪ್ ಬದಲಿಸುವ ಯಂತ್ರ ಎಂದರೆ ನಾನೇ.

ಹಿಂದಿನವರು ಬಿಟ್ಟುಹೋದ ಎಂಟು ಟೇಪ್‌ಗಳನ್ನು ಮತ್ತೆ ಬಳಸಬೇಕಾಗಿದೆ. ಹೊಸ ಹೆಸರಿನ ಚೀಟಿಗಳನ್ನು ಚೆಂದವಾಗಿ ಅಂಟಿಸಿದೆ. ಅದು ನನ್ನ ಸಮಾಧಾನಕ್ಕೆ ಮಾತ್ರ. ಬಾಕುಲಾ ಓದುವುದು ಟೇಪಿನ ಆರಂಭದಲ್ಲಿ ಬರೆದ ಹೆಸರನ್ನು. ಹೆಸರು ಬರೆಯುವ ‘ಲೇಬಲ್’ ಆದೇಶ ಕೊಟ್ಟರೆ ಈಗಾಗಲೇ ಹೆಸರಿದೆ ಎಂದು ನಿರಾಕರಿಸುತ್ತದೆ. ಇರುವ ಹೆಸರು ಬದಲಿಸುವ ‘ರಿಲೇಬಲ್’ ಮಾಡೋಣವೆಂದರೆ ಹಳೆಯ ಹೆಸರುಗಳು ಬಾಕುಲಾದ ದಾಖಲೆ ಪುಸ್ತಕವಾದ ಕ್ಯಾಟಲಾಗ್‌ನಲ್ಲೇ ಇಲ್ಲ. ಆ ಕ್ಯಾಟಲಾಗ್ ಹಳೆಯ ಸರ್ವರ್ ಜೊತೆಗೇ ಹೋಯಿತು.

ಒಂದು ಟೇಪನ್ನು ಹಿಂದಕ್ಕೆ ಸುತ್ತಿ, ಅದು ಖಾಲಿಯಂತೆ ಕಾಣಲೆಂದು, ಟೇಪ್ ಡ್ರೈವ್ ನಿಯಂತ್ರಿಸುವ ‘ಎಂಟಿ’ ಆದೇಶದಿಂದ ಆರಂಭದಲ್ಲೇ ಕಡತ ಮುಗಿದ ಗುರುತು ಬರೆದೆ. ಹೊಸ ಹೆಸರು ಸಲೀಸಾಗಿ ಬಿತ್ತು. ಹಿಗ್ಗುವಷ್ಟರಲ್ಲಿ ಧಾರವಾಡದಿಂದ ಲೆಕ್ಕಪತ್ರದ ಹಿರಿಯರ ಫೋನು: ಅವುಗಳಲ್ಲೊಂದರಲ್ಲಿ ಹಳೆಯ ಲೆಕ್ಕ ಇರಬಹುದಂತೆ! ಕೈ ಅಲ್ಲಿಗೇ ನಿಂತಿತು.

ಉಳಿದ ಏಳರ ವಿಷಯದಲ್ಲಿ ನನ್ನ ಪ್ರಶ್ನೆ ಇಷ್ಟೇ: ‘ಬಿಎಲ್‌ಎಸ್’ನಿಂದ ಒಳಗಿನ ಕಡತಗಳ ಪಟ್ಟಿ ನೋಡಿ, ಬೇಡವಾದವನ್ನು ನೇರವಾಗಿ ಅಳಿಸಿದರೆ ಸಾಕೇ? ಅಥವಾ ಮೊದಲು ‘ಬಿಸ್ಕ್ಯಾನ್’ ಮೂಲಕ ಎಲ್ಲವನ್ನೂ ಕ್ಯಾಟಲಾಗ್‌ಗೆ ಸೇರಿಸಿ, ಆಮೇಲೆ ಪರ್ಜ್ ಮಾಡಿ (ಅಂದರೆ ಕ್ಯಾಟಲಾಗ್‌ನಿಂದ ಆ ದಾಖಲೆ ತೆಗೆದು) ರಿಲೇಬಲ್ ಮಾಡಬೇಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.