ಇಸ್ಫಹಾನಿನ ಜಾಮಿ ಮಸೀದಿ: ಚೌಕದ ಮೇಲೆ ಗುಮ್ಮಟ ಕೂತದ್ದು ಹೇಗೆ?

ಪ್ರಶ್ನೆ: ಆರ್ಕಿಟೆಕ್ಚರ್ ಕೊನೇ ವರ್ಷದ ಸೆಮಿನಾರಿಗೆ ಇರಾನಿನ ಇಸ್ಫಹಾನ್ ಜಾಮಿ ಮಸೀದಿ ತಗೊಂಡಿದ್ದೇನೆ. ಎಲ್ಲ ಕಡೆ ‘ಸೆಲ್ಜುಕ್ ಮಸೀದಿ’ (11-12ನೇ ಶತಮಾನದ ತುರ್ಕಿ ರಾಜವಂಶದ್ದು) ಅಂತಲೇ ಇದೆ. ಫೋಟೋದಲ್ಲಿ ಕಾಣುವ ನೀಲಿ ಟೈಲ್ಸೂ ಅವರದ್ದೇನಾ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಸಂರಕ್ಷಣಾ ವಾಸ್ತುಶಿಲ್ಪಿ): ಅಲ್ಲಮ್ಮ. ಅಂಗಳದ ಸುತ್ತ ಹೊಳೆಯುವ ಟೈಲ್ಸ್ ಬಹುಪಾಲು 15ನೇ ಶತಮಾನದಿಂದ ಈಚೆಗಿನದು. ಸೆಲ್ಜುಕರ ಕೆಲಸ ನೋಡಬೇಕೆಂದರೆ ಬರಿ ಇಟ್ಟಿಗೆಯ ಗುಮ್ಮಟಗಳ ಒಳಗೆ ಹೋಗಬೇಕು. ಮೊದಲಿಗೆ ಇಲ್ಲಿದ್ದದ್ದು ಸೆಲ್ಜುಕರಿಗೂ ಹಿಂದಿನ, ಅಬ್ಬಾಸಿ ಖಲೀಫರ ಕಾಲದ ಕಂಬಸಾಲುಗಳ ಮಸೀದಿ. ಸೆಲ್ಜುಕ್ ಸುಲ್ತಾನ್ ಮಲಿಕ್ ಶಾಹನ ವಜೀರ ನಿಜಾಮ್ ಉಲ್ ಮುಲ್ಕ್ 1086-87ರ ಹೊತ್ತಿಗೆ ದಕ್ಷಿಣದ ಕಂಬಗಳನ್ನು ತೆಗೆಸಿ ಮಿಹ್ರಾಬಿನ (ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡು) ಮುಂದೆ ದೊಡ್ಡ ಗುಮ್ಮಟ ಎಬ್ಬಿಸಿದ. ಅವನ ಪ್ರತಿಸ್ಪರ್ಧಿ ತಾಜ್ ಉಲ್ ಮುಲ್ಕ್ 1088-89ರಲ್ಲಿ ಉತ್ತರ ತುದಿಯಲ್ಲಿ, ಅದೇ ನೇರಕ್ಕೆ, ಚಿಕ್ಕದೊಂದನ್ನು ಕಟ್ಟಿಸಿದ. ಅಂಗಳಕ್ಕೆ ತೆರೆದ ಕಮಾನು ಹಜಾರಗಳಾದ ನಾಲ್ಕು ಐವಾನ್‌ಗಳು ಬಂದದ್ದು ಆಮೇಲೆ, 12ನೇ ಶತಮಾನದಲ್ಲಿ. 1121-22ರಲ್ಲಿ ಮಸೀದಿಗೆ ಬೆಂಕಿ ಬಿದ್ದಿತ್ತು. ಒಳಗೆ 1310ರ ಇಲ್ಖಾನಿ (ಇರಾನಿನ ಮಂಗೋಲ್ ದೊರೆಗಳ ಕಾಲದ) ಗಚ್ಚಿನ ಮಿಹ್ರಾಬೂ ಇದೆ. ಹಾಗಾಗಿ ಪ್ಲಾನಿಗೆ ಒಂದೇ ಬಣ್ಣ ಹಚ್ಚಬೇಡಿ, ಕಾಲಕ್ಕೊಂದು ಬಣ್ಣ ಕೊಡಿ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಕೆಳಗೆ ಚೌಕ, ಮೇಲೆ ವೃತ್ತ. ಮೂಲೆಗಳನ್ನು ಹೇಗೆ ಸರಿದೂಗಿಸಿದರು?

ಉತ್ತರ: ಲೆಕ್ಕ ಹಾಕಿ ನೋಡಿದರೆ ಸುಲಭ. ದಕ್ಷಿಣದ ಕೋಣೆ ಸುಮಾರು 15 ಮೀಟರ್ ಚೌಕ. ಅದರೊಳಗೆ ವೃತ್ತ ಬರೆದರೆ ಪ್ರತಿ ಮೂಲೆಗೂ ವೃತ್ತಕ್ಕೂ ನಡುವೆ 3.1 ಮೀಟರ್ ಖಾಲಿ ಉಳಿಯುತ್ತದೆ. ಅಷ್ಟು ದೂರ ಇಟ್ಟಿಗೆ ಮುಂಚಾಚಿ ಗುಮ್ಮಟ ಹೊರಿಸಲು ಆಗದು. ಮೂಲೆಗೆ ಅಡ್ಡಲಾಗಿ ಕಮಾನು (ಸ್ಕ್ವಿಂಚ್) ಹಾಕಿದರೆ ಎಂಟು ಮೂಲೆಯಾಗುತ್ತದೆ, ಅಂತರ 62 ಸೆಂ.ಮೀ.ಗೆ ಇಳಿಯುತ್ತದೆ. ಅದರ ಮೇಲೆ ಹದಿನಾರು ಕಮಾನುಗಳ ಸುತ್ತು ತಂದರೆ ಉಳಿಯುವುದು ಬರೀ 15 ಸೆಂ.ಮೀ.; ಎರಡು ಮೂರು ವರಸೆ ಇಟ್ಟಿಗೆ ಮುಂದೆ ಸರಿಸಿದರೆ ವೃತ್ತ ಕೂಡಿಬಿಡುತ್ತದೆ.

ಇಲ್ಲಿನ ಮೂಲೆ ಕಮಾನಿನ ಚಂದ ನೋಡಿ. ಒಂದೇ ಗೂಡಲ್ಲ, ಮೂರು ಎಸಳು: ನಡುವೆ ಪುಟ್ಟ ಕಮಾನು, ಎರಡೂ ಪಕ್ಕ ಕಾಲು ಗುಮ್ಮಟದಂಥ ತುಂಡು. ಭಾರ ಒಂದೇ ಕಡೆ ಕೂರದೆ ಕೆಳಗಿನ ಗೋಡೆಗಳಿಗೆ ಹಂಚಿಹೋಗುತ್ತದೆ.

ದಕ್ಷಿಣದ್ದು ಭವ್ಯ, ನಿಜ. ಆದರೆ ಕೆಳಗಿನ ದಪ್ಪ ಕಂಬಗಳಿಗೂ ಮೇಲಿನದಕ್ಕೂ ಹೊಂದಾಣಿಕೆ ಕಡಿಮೆ. ನನ್ನ ಮಟ್ಟಿಗೆ ಉತ್ತರದ್ದೇ ಶ್ರೇಷ್ಠ. ಸುಮಾರು 10 ಮೀಟರ್ ಅಗಲ, ಅದರ ಎರಡು ಪಟ್ಟು ಎತ್ತರ. ನೆಲದಿಂದ ಎದ್ದ ತೆಳು ಅರೆಗಂಬದ ಗೆರೆ ಎಲ್ಲೂ ತುಂಡಾಗದೆ ಮೂಲೆ ಕಮಾನಿಗೆ, ಅಲ್ಲಿಂದ ಹದಿನಾರರ ಸುತ್ತಿಗೆ ಹತ್ತುತ್ತದೆ. ಗುಮ್ಮಟದ ಒಳಮೈಯಲ್ಲಿ ಇಟ್ಟಿಗೆಯ ಪಟ್ಟಿಗಳೇ ಹೆಣೆದುಕೊಂಡು ಐದು ಮೂಲೆಯ ನಕ್ಷತ್ರವಾಗಿವೆ. ಎಂಟು, ಹದಿನಾರರ ತಳದ ಮೇಲೆ ಐದನ್ನು ಕೂರಿಸುವ ಧೈರ್ಯ ಸಣ್ಣದಲ್ಲ. ಸೆಕ್ಷನ್ (ಸೀಳುನೋಟ) ಒಂದೇ ಬರೆಯುವುದಾದರೆ ಇದರದ್ದು ಬರೆಯಿರಿ.

ಇನ್ನೊಬ್ಬ ಸದಸ್ಯರು: ವಿಜಯಪುರದ ಗೋಲ್ ಗುಂಬಜ್ ಜೊತೆ ಹೋಲಿಸಬಹುದಾ?

ಉತ್ತರ: ಪ್ರಶ್ನೆ ಒಂದೇ, ಉತ್ತರ ಬೇರೆ. 17ನೇ ಶತಮಾನದ ಗೋಲ್ ಗುಂಬಜಿನಲ್ಲಿ ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಕತ್ತರಿಸುತ್ತವೆ, ಓರೆಯಾಗಿಟ್ಟ ಎರಡು ಚೌಕಗಳ ಹಾಗೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಇಸ್ಫಹಾನಿನಲ್ಲಿ ಮೂಲೆಯನ್ನು ತುಂಬಿದ್ದಾರೆ, ಇಲ್ಲಿ ಕಮಾನುಗಳನ್ನೇ ಒಳಕ್ಕೆ ಬಾಗಿಸಿದ್ದಾರೆ.

ಪ್ರಶ್ನೆ: ಕಟ್ಟುವಾಗ ಸೆಂಟ್ರಿಂಗ್ (ಕೆಳಗಿಂದ ಆಧಾರ ಕೊಡುವ ಮರದ ಚೌಕಟ್ಟು) ಹಾಕುತ್ತಿದ್ದರಾ? ಇಂಥ ಕಟ್ಟಡ ಹಾಳಾಗುವುದು ಎಲ್ಲಿಂದ?

ಉತ್ತರ (ಸ್ಟ್ರಕ್ಚರಲ್ ಇಂಜಿನಿಯರ್): ಇರಾನಿನಲ್ಲಿ ಮರ ದುಬಾರಿ. ಅಲ್ಲಿಯ ಜಿಪ್ಸಮ್ ಗಾರೆ ಕೆಲವೇ ನಿಮಿಷದಲ್ಲಿ ಬಿಗಿಯುವುದರಿಂದ ಇಟ್ಟಿಗೆ ತಾನೇ ನಿಲ್ಲುತ್ತದೆ. ಪೂರ್ತಿ ಸೆಂಟ್ರಿಂಗ್ ಇಲ್ಲದೆಯೂ ವರಸೆ ವರಸೆಯಾಗಿ ಗುಮ್ಮಟ ಮುಚ್ಚಬಹುದು.

ಅದೇ ಗಾರೆ ನೀರಿಗೆ ಮಾತ್ರ ಸೋಲುತ್ತದೆ. ಒಂದು ಲೀಟರ್ ನೀರು ಸುಮಾರು 2 ಗ್ರಾಂ ಜಿಪ್ಸಮ್ ಕರಗಿಸುತ್ತದೆ. ಮಸೀದಿಯ ಮೇಲೆ ನೂರಾರು ಪುಟ್ಟ ಗುಮ್ಮಟಗಳಿವೆ, ಅವುಗಳ ನಡುವಿನ ತಗ್ಗಿನಲ್ಲೇ ನೀರು ನಿಲ್ಲುವುದು. ಅಲ್ಲಿಯವರು ಮಣ್ಣು-ಹುಲ್ಲಿನ ಮೆತ್ತನ್ನು (ಕಾಹ್‌ಗಿಲ್) ಆಗಾಗ ಹೊಸದಾಗಿ ಬಳಿಯುವುದು ಇದಕ್ಕೇ.

ಬಿರುಕು ಕಂಡ ಕೂಡಲೇ ಸಿಮೆಂಟ್ ತುಂಬುವುದು ದೊಡ್ಡ ತಪ್ಪು. ಜಿಪ್ಸಮ್ಮಿನ ಸಲ್ಫೇಟ್ ಸಿಮೆಂಟಿನ ಜೊತೆ ಸೇರಿ ಉಬ್ಬುತ್ತದೆ, ತೇವ ಹೊರಗೆ ಹೋಗಲು ದಾರಿ ಇಲ್ಲದೆ ಇಟ್ಟಿಗೆಯ ಮುಖ ಪದರ ಪದರವಾಗಿ ಕಳಚುತ್ತದೆ. ಮೊದಲು ನೀರು ನಿಲ್ಲಿಸಿ, ಒಣಗಲು ಬಿಡಿ, ಬಿರುಕಿನ ಮೇಲೆ ಗುರುತು ಹಾಕಿ ಚಳಿ-ಬೇಸಿಗೆ ಎರಡರಲ್ಲೂ ಅಳೆಯಿರಿ. ಅದು ಇನ್ನೂ ಬೆಳೆಯುತ್ತಿದೆಯೋ ನಿಂತಿದೆಯೋ ಗೊತ್ತಾದ ಮೇಲೆ ಮೂಲ ಗಾರೆಗೆ ಹೊಂದುವ ಮಿಶ್ರಣ ತುಂಬಿ.